ಬಸಿದ ನೀರಿನ ಸೂಪು

ಅಕ್ಕನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾದ ಮೇಲೆ ಅಡುಗೆಮನೆಯಲ್ಲಿ ನಾನು ಹೊಸದಾಗಿ ಕಲಿತ ಕೆಲಸವೆಂದರೆ ನೀರು ಚೆಲ್ಲುವುದು. ತರಕಾರಿಯನ್ನು ಸಣ್ಣಗೆ ಹೆಚ್ಚಿ ಬಿಸಿನೀರಿನಲ್ಲಿ ಎರಡು ಗಂಟೆ ನೆನೆಸಬೇಕು, ಆ ನೀರು ಚೆಲ್ಲಬೇಕು. ಹೊಸ ನೀರು ಹಾಕಿ ಬೇಯಿಸಬೇಕು, ಅದನ್ನೂ ಚೆಲ್ಲಬೇಕು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು, ಉಪ್ಪನ್ನು ನೆಪಕ್ಕೆ ಉದುರಿಸಿ ಬಡಿಸಬೇಕು. ಡಯಟಿಷಿಯನ್ ಹುಡುಗಿ ಇದನ್ನೆಲ್ಲ ಒಂದು ಹಾಳೆಯ ಮೇಲೆ ಬರೆದುಕೊಟ್ಟಿದ್ದಳು. "ಪೊಟ್ಯಾಶಿಯಂ ಎಲ್ಲ ನೀರಿಗೆ ಇಳಿಯುತ್ತೆ ಆಂಟಿ. ಇವರ ಕಿಡ್ನಿ ಅದನ್ನ ಹೊರಗೆ ಹಾಕಲ್ಲ. ಜಾಸ್ತಿಯಾದ್ರೆ ಹಾರ್ಟೇ ನಿಂತುಹೋಗಬಹುದು" ಎಂದು ನಗುಮುಖದಲ್ಲಿ ಹೇಳಿದಳು. ಇಂಥದ್ದನ್ನೂ ನಗುತ್ತಾ ಹೇಳುವುದನ್ನು ಈ ಮಕ್ಕಳಿಗೆ ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ನನಗೆ ಗೊತ್ತಿಲ್ಲ.

ಬಸ್ಸಾರು ತಿಂದು ಬೆಳೆದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿಲ್ಲ. ಸೊಪ್ಪು, ಕಾಳು ಬೇಯಿಸಿ, ನೀರು ಬಸಿದು, ಆ ನೀರಿಗೇ ಖಾರ ರುಬ್ಬಿ ಹಾಕಿ ಸಾರು ಮಾಡುವುದು ನಮ್ಮ ಕಡೆಯ ಪದ್ಧತಿ. ಬಸಿದ ಕಾಳು ಪಲ್ಯವಾಗುತ್ತದೆ. ಪಲ್ಯ ಮಿಕ್ಕು ಹಳಸಿದರೆ ನಮ್ಮಮ್ಮ ಏನೂ ಅನ್ನುತ್ತಿರಲಿಲ್ಲ. ಬಸಿದ ನೀರು ಒಂದು ಲೋಟ ಮೋರಿಗೆ ಹೋಯಿತೋ, ಸೌಟು ಹಿಡಿದೇ ಬರುತ್ತಿದ್ದಳು. "ಸತ್ವ ಎಲ್ಲ ನೀರಲ್ಲೇ ಇರೋದು ಕಣ್ರೇ, ಕಾಳಲ್ಲಿ ಏನಿದೆ ಮಣ್ಣು" ಎನ್ನುತ್ತಿದ್ದಳು. ಅಮ್ಮ ಹೋಗಿ ಎಷ್ಟೋ ವರ್ಷವಾಯಿತು. ಆದರೂ ಬನಶಂಕರಿಯ ಈ ಮೊದಲ ಮಹಡಿಯ ಮನೆಯಲ್ಲಿ, ಸಿಂಕಿನ ಮುಂದೆ ನಿಂತು ಹಸಿರು ನೀರು ಸುರಿಯುವಾಗ ಒಂದೊಂದು ಸಲವೂ ನನಗೆ ಹೊಟ್ಟೆ ಉರಿಯುತ್ತಿತ್ತು. ಸುರಿದು, ಪಾತ್ರೆಯನ್ನು ಬೇಕೆಂದೇ ಸದ್ದು ಮಾಡಿ ಇಡುತ್ತಿದ್ದೆ.

ಮನೆಯಲ್ಲಿ ನಾವಿಬ್ಬರೇ. ನಾನು ಮದುವೆಯಾಗಲಿಲ್ಲ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದೆ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ಜಯನಗರದ ಒಂದು ಕಾಲೇಜಿನ ಲೈಬ್ರರಿಯಲ್ಲಿದ್ದಳು. ಭಾವ ತೀರಿಕೊಂಡ ಮೇಲೆ ಎರಡು ಸೂಟ್‌ಕೇಸು ಹಿಡಿದು ನನ್ನ ಹತ್ತಿರ ಬಂದಳು. ಮಕ್ಕಳಿರಲಿಲ್ಲ. ಅವಳದು ಮೆತ್ತನೆಯ ಮಾತು, ಒಳಗೆ ಕಲ್ಲಿನಂಥ ಹಟ. ನನ್ನದು ಬರೀ ಬಾಯಿ. ಮಕ್ಕಳು ನನ್ನನ್ನು ಬೆನ್ನ ಹಿಂದೆ ಗುಡುಗಮ್ಮ ಎಂದು ಕರೆಯುತ್ತಿದ್ದುದು ನನಗೆ ಗೊತ್ತಿತ್ತು, ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಕಾಯಿಲೆಗೆ ಮುಂಚೆ ಅಕ್ಕ ತಿಂಗಳಿಗೊಮ್ಮೆ ಲೈಬ್ರರಿಯ ಗೆಳತಿಯರ ಜೊತೆ ಜೆ.ಪಿ. ನಗರದ ಒಂದು ಸಣ್ಣ ಇಟಾಲಿಯನ್ ಹೋಟೆಲಿಗೆ ಹೋಗಿ ಬರುತ್ತಿದ್ದಳು. ಮಿನೆಸ್ಟ್ರೋನೆ ಅನ್ನುವ ಸೂಪಿನ ಸುದ್ದಿ ಅಲ್ಲಿಂದಲೇ ನಮ್ಮ ಮನೆಗೆ ಬಂದದ್ದು. "ಹೆಸರು ದೊಡ್ಡದು ಅಷ್ಟೇ ಕಣೇ. ಕಾಳು, ಸೊಪ್ಪು, ಟೊಮೇಟೊ, ಮೇಲೆ ನಾಲ್ಕು ಮೆಕರೋನಿ. ಕಾಳು ಬೇಯಿಸಿದ ನೀರನ್ನ ಅವರೂ ಚೆಲ್ಲಲ್ವಂತೆ. ಥೇಟ್ ಬಸ್ಸಾರು" ಎಂದಳು.

"ಹಂಗಾದ್ರೆ ಮುದ್ದೆ ಎಲ್ಲಿ?" ಎಂದೆ.

"ಬ್ರೆಡ್ ಕೊಡ್ತಾರೆ."

"ಪಾಪ, ಅವರಿಗೆ ಹೇಳೋರು ಕೇಳೋರು ಯಾರೂ ಇಲ್ಲ ಅನ್ಸುತ್ತೆ."

ಅವಳು ನಕ್ಕಳು. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿ ಕುಡಿಸಿದಳು. ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಿತ್ತು, ರುಚಿಯೂ ಇತ್ತು. ನಾನು ಹಾಗೆಂದು ಒಪ್ಪಿಕೊಳ್ಳಲಿಲ್ಲ.

ಆಮೇಲೆ ಸಕ್ಕರೆ ಕಾಯಿಲೆ ಕಿಡ್ನಿಯನ್ನು ತಿಂದುಹಾಕಿತು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಏಳಕ್ಕೆ ಆಟೋ ಹಿಡಿದು ಡಯಾಲಿಸಿಸ್ ಘಟಕಕ್ಕೆ ಹೋಗುವುದು, ನಾಲ್ಕು ಗಂಟೆ ಕೂರುವುದು, ಹಿಂಡಿದ ಬಟ್ಟೆಯಂತಾದ ಅವಳನ್ನು ವಾಪಸು ಕರೆತರುವುದು. ದಿನಕ್ಕೆ ಮುಕ್ಕಾಲು ಲೀಟರ್ ನೀರು, ಅದರಲ್ಲೇ ಕಾಫಿ, ಮಜ್ಜಿಗೆ, ಮಾತ್ರೆ ನುಂಗುವ ಗುಟುಕು ಎಲ್ಲ. ಘಟಕದಲ್ಲಿ ಮೊದಲು ತೂಕ ನೋಡುತ್ತಾರೆ. ಎರಡು ಸರದಿಯ ನಡುವೆ ಏರಿದ್ದೆಲ್ಲ ಕುಡಿದ ನೀರು ಎಂದು ಲೆಕ್ಕ. ಎರಡೂವರೆ ಕಿಲೋ ಏರಿದ್ದರೆ ಟೆಕ್ನಿಷಿಯನ್ ನನ್ನ ಕಡೆ ನೋಡಿ, "ಏನ್ ಮೇಡಂ, ಹಿಂಗ್ ಕೊಟ್ರೆ ಹೆಂಗೆ?" ಎನ್ನುತ್ತಿದ್ದ. ಮೂವತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು, ಅಲ್ಲಿ ತಲೆತಗ್ಗಿಸಿ ನಿಲ್ಲುತ್ತಿದ್ದೆ. ಪೊಟ್ಯಾಶಿಯಂ ಮಾತ್ರ ಪ್ರತಿ ರಿಪೋರ್ಟಿನಲ್ಲೂ ಸರಿಯಾಗಿರುತ್ತಿತ್ತು. ಹೀಗಾಗಿ ನನ್ನ ತಲೆಯಲ್ಲಿ ಶತ್ರುವೆಂದರೆ ನೀರು, ಪೊಟ್ಯಾಶಿಯಂ ಬರೀ ಹಾಳೆಯ ಮೇಲಿನ ಹೆಸರು ಎಂದಾಗಿಬಿಟ್ಟಿತ್ತು. ನಾನು ದಿನಾ ಚೆಲ್ಲುತ್ತಿದ್ದುದರಿಂದಲೇ ಅದು ಸರಿಯಾಗಿದೆ ಎಂಬುದು ಹೊಳೆಯಲಿಲ್ಲ.

ಎಂಟು ತಿಂಗಳು ಹೀಗೆ ನಡೆದ ಮೇಲೆ, ಅವರೆಕಾಯಿ ಕಾಲದಲ್ಲಿ, ಅಕ್ಕ ಊಟ ಬಿಟ್ಟಳು. ಹಟವೇನೂ ಮಾಡಲಿಲ್ಲ. ತಟ್ಟೆ ಮುಂದೆ ಕೂರುತ್ತಿದ್ದಳು, ಎರಡು ತುತ್ತು ಬಾಯಲ್ಲಿಟ್ಟುಕೊಂಡು ಅಗಿದೂ ಅಗಿದೂ, "ಇಳಿಯಲ್ಲ ಕಣೇ" ಎಂದು ಏಳುತ್ತಿದ್ದಳು. ಒಂದು ಶನಿವಾರ ಇಡೀ ದಿನ ನಾಲ್ಕು ಬಿಸ್ಕತ್ತು ತಿಂದಳು. ರಕ್ತದಲ್ಲಿ ಪ್ರೋಟೀನು ಇಳಿದಿದೆ, ತಿನ್ನದಿದ್ದರೆ ಕಷ್ಟ ಎಂದು ಡಾಕ್ಟರು ಆಗಲೇ ಎಚ್ಚರಿಸಿದ್ದರು. ನನಗೆ ದಿಗಿಲು ಹತ್ತಿತು. ದಿಗಿಲಾದಾಗ ನನಗೆ ಬರುವುದು ಸಿಟ್ಟೊಂದೇ. "ಏನು ಮಾಡಿದ್ರೆ ತಿಂತೀಯ, ಬಾಯಿ ಬಿಟ್ಟು ಹೇಳು. ದೇವಲೋಕದಿಂದ ತರಬೇಕಾ?" ಎಂದು ಕೂಗಾಡಿದೆ.

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಆ ಸೂಪು ಮಾಡ್ತೀಯಾ? ಗಟ್ಟಿ ಇರುತ್ತಲ್ಲ, ನೀರಿನ ಲೆಕ್ಕಕ್ಕೆ ಜಾಸ್ತಿ ಬರಲ್ಲ."

ಭಾನುವಾರ ಬೆಳಿಗ್ಗೆ ಜಯನಗರ ಫೋರ್ತ್ ಬ್ಲಾಕಿಗೆ ಹೋಗಿ ಸಾಮಾನು ತಂದೆ. ಫೋನಿನಲ್ಲಿ ನೋಡಿದ ವಿಧಾನದಲ್ಲಿ ಬೇಸಿಲ್ ಎಂದಿತ್ತು. ಅದು ನಮ್ಮ ಕಾಮಕಸ್ತೂರಿಯೇ ಎಂದು ಅಕ್ಕ ಹೇಳಿದ್ದಳು. ಹಾರಕ್ಕೆ ಸೇರಿಸಿ ಕಟ್ಟುವ ಸೊಪ್ಪು, ಆದ್ದರಿಂದ ಹೂವಿನವಳ ಹತ್ತಿರ ಹೋದೆ. "ಯಾವ ದೇವರಿಗೆ ಅಕ್ಕ?" ಎಂದಳು. "ಸೂಪಿಗೆ" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದು ಹಿಡಿ ಜಾಸ್ತಿಯೇ ಕೊಟ್ಟಳು.

ಮನೆಗೆ ಬಂದು ಎಲ್ಲವನ್ನೂ ಶಾಸ್ತ್ರಪ್ರಕಾರ ಮಾಡಿದೆ. ಕ್ಯಾರೆಟ್, ಬೀನ್ಸ್, ಒಂದು ಸಣ್ಣ ಆಲೂಗಡ್ಡೆ, ಪಾಲಕ್ ಹೆಚ್ಚಿ ನೆನೆಸಿ ನೀರು ಚೆಲ್ಲಿದೆ. ರಾಜ್ಮಾ ಬದಲು ಎಳೆ ಅವರೆಕಾಳು ತಗೊಂಡೆ. ಅದನ್ನು ತರಕಾರಿಯ ಜೊತೆ ದೊಡ್ಡ ಪಾತ್ರೆಯಲ್ಲಿ ಬೇಯಿಸಿ ಬಸಿದೆ. ಈರುಳ್ಳಿ, ಬೆಳ್ಳುಳ್ಳಿ ಎಣ್ಣೆಯಲ್ಲಿ ಬಾಡಿಸಿ, ಎರಡು ಟೊಮೇಟೊ ಹಾಕಿ, ಬಸಿದ ಕಾಳು ತರಕಾರಿ ಸೇರಿಸಿ, ಮೆಕರೋನಿ ಹಾಕಿ ಕುದಿಸಿ, ಒಂದು ಚಮಚ ಬಾಯಿಗಿಟ್ಟು ನೋಡಿದೆ. ನೆನೆದ ರಟ್ಟು ತಿಂದ ಹಾಗಿತ್ತು. ಇದನ್ನು ಕೊಟ್ಟರೆ ಅವಳು ಎರಡು ಚಮಚ ತಿಂದು ನನ್ನ ಮನಸ್ಸು ನೋಯಬಾರದೆಂದು ಮುಗುಳ್ನಕ್ಕು ಎದ್ದುಹೋಗುತ್ತಾಳೆ ಎಂದು ಖಚಿತವಾಗಿ ಗೊತ್ತಿತ್ತು.

ಬಸಿದ ನೀರು ಇನ್ನೂ ಸಿಂಕಿನ ಪಕ್ಕದಲ್ಲೇ ಇತ್ತು. ಅವರೆಯ ಸೊಗಡು ಅಡುಗೆಮನೆಯೆಲ್ಲ ತುಂಬಿತ್ತು. ಫೋನಿನ ವಿಡಿಯೋದಲ್ಲಿ ಸೂಪು ಮಾಡಿ ತೋರಿಸಿದ ಹೆಂಗಸು ಕೂಡ ಹೇಳಿದ್ದಳು, ಕಾಳು ಬೇಯಿಸಿದ ನೀರು ಚೆಲ್ಲಬೇಡಿ, ಸೂಪಿಗೆ ಮೈ ಬರುವುದೇ ಅದರಿಂದ ಎಂದು. ನೆನೆಸಿದ ನೀರು ಚೆಲ್ಲಿ ಆಗಿದೆಯಲ್ಲ, ಬೇಯಿಸಿದ್ದರಲ್ಲಿ ಎಷ್ಟಿದ್ದೀತು ಎಂದುಕೊಂಡೆ. ಉಳಿದದ್ದು ನೀರಿನ ಲೆಕ್ಕ. ಅದಕ್ಕೂ ಉಪಾಯ ಹೊಳೆಯಿತು. ಆ ನೀರನ್ನು ದೊಡ್ಡ ಉರಿಯಲ್ಲಿಟ್ಟು ಕುದಿಸಿದೆ, ಕುದಿಸಿದೆ, ಒಂದೂವರೆ ಲೀಟರು ಇಂಗಿ ಒಂದು ಲೋಟಕ್ಕೆ ಬಂತು. ನೀರು ಹೋಯಿತು, ಸತ್ವ ಉಳಿಯಿತು ಎಂದು ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಅದನ್ನು ಸೂಪಿಗೆ ಸುರಿದು, ಕಾಮಕಸ್ತೂರಿ ಮುರಿದು ಹಾಕಿ ಮುಚ್ಚಿದೆ. ಆವಿಯಾಗಿ ಹೋದದ್ದು ನೀರು ಮಾತ್ರ. ಡಯಟಿಷಿಯನ್ ಹುಡುಗಿ ಚೆಲ್ಲು ಎಂದಿದ್ದೆಲ್ಲ ಆ ಒಂದು ಲೋಟದಲ್ಲಿ ಇತ್ತು.

ಅಕ್ಕ ಮೊದಲ ಚಮಚ ಬಾಯಿಗಿಟ್ಟು ತಲೆಯೆತ್ತಿ ನನ್ನನ್ನು ನೋಡಿದಳು. "ಹೆಂಗಿದೆ?" ಎಂದೆ. ಅವಳು ತಿನ್ನತೊಡಗಿದಳು. ಬಟ್ಟಲು ಖಾಲಿ ಮಾಡಿ ಮುಂದೆ ಹಿಡಿದಳು. "ಇನ್ನೊಂಚೂರು ಹಾಕು." ನಾನು ಅಳೆದು ಹಾಕಿದೆ, ಆ ಹೊತ್ತಿನ ಕಾಫಿ ಕಡಿತ ಎಂದು ಷರತ್ತು ಹಾಕಿದೆ. ಎರಡನೇ ಬಟ್ಟಲನ್ನು ಬೆರಳಲ್ಲಿ ಬಳಿದು ತಿಂದಳು. ಮಧ್ಯಾಹ್ನವೆಲ್ಲ ಬಾಲ್ಕನಿಯಲ್ಲಿ ಕೂತು, ಭಾವ ಮದುವೆಯಾದ ಹೊಸದರಲ್ಲಿ ಬಸ್ಸಾರು ಎಂದರೆ ಏನೆಂದೇ ಗೊತ್ತಿಲ್ಲದೆ ಪಲ್ಯ ಬೇರೆ ಯಾಕೆ ಸಾರು ಬೇರೆ ಯಾಕೆ ಎಂದು ಜಗಳವಾಡಿದ ಕತೆ ಹೇಳಿದಳು. ನನಗೆ ಎಷ್ಟು ಸಂತೋಷವಾಗಿತ್ತೆಂದರೆ ಆ ದಿನ ಪಾತ್ರೆಗಳನ್ನು ಸದ್ದಿಲ್ಲದೆ ತೊಳೆದಿಟ್ಟೆ.

ಸೋಮವಾರ ಬೆಳಿಗ್ಗೆ ಐದೂವರೆಗೆ ಅವಳು ಹಾಸಿಗೆಯಿಂದಲೇ ಕರೆದಳು. "ಕಾಲು ಎತ್ತಕ್ಕೆ ಆಗ್ತಿಲ್ಲ ಕಣೇ." ಕೈ ಹಿಡಿದರೆ ಬೆರಳುಗಳಲ್ಲೂ ಬಿಗಿಯಿರಲಿಲ್ಲ. ನಾಡಿ ನೋಡಿದೆ, ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ನನ್ನ ಜೀವ ಹೋಗಿ ಬರುವಷ್ಟು ಹೊತ್ತಾಗುತ್ತಿತ್ತು. ಕೆಳಗಿನ ಮನೆಯವರು ಕಾರು ತೆಗೆದರು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಎದೆಗೆ ತಂತಿ ಅಂಟಿಸಿ ನೋಡಿದ ಡಾಕ್ಟರು ನರ್ಸುಗಳನ್ನು ಓಡಿಸತೊಡಗಿದರು. ಒಂದರ ಹಿಂದೊಂದು ಇಂಜೆಕ್ಷನ್. ನಡುವೆ ನನ್ನ ಕಡೆ ತಿರುಗಿ ಕೇಳಿದರು: "ಪೊಟ್ಯಾಶಿಯಂ ಸಿಕ್ಕಾಪಟ್ಟೆ ಏರಿದೆ. ನಿನ್ನೆ ಏನು ತಿಂದ್ರು?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಮಲಗಿದ್ದಲ್ಲಿಂದಲೇ, ಕೇಳಿಸಿಯೂ ಕೇಳಿಸದ ದನಿಯಲ್ಲಿ, "ಎಳನೀರು ಕುಡಿದೆ ಡಾಕ್ಟ್ರೇ. ಕೆಳಗಡೆ ಗಾಡಿಯವನ ಹತ್ರ. ಇವಳಿಗೆ ಗೊತ್ತಿಲ್ಲ" ಎಂದಳು.

ಡಾಕ್ಟರು ಅವಳನ್ನೇ ಬೈದರು. ತೆರೆದ ಬಾಯಿಯನ್ನು ನಾನು ಮುಚ್ಚಿಕೊಂಡೆ. ಅದು ನನ್ನ ಜೀವಮಾನದಲ್ಲೇ ಅತಿ ಹೇಡಿತನದ ಗಳಿಗೆ, ಅದನ್ನು ಬೇರೆ ಹೆಸರಿಟ್ಟು ಕರೆಯಲಾರೆ.

ಅವತ್ತೇ ತುರ್ತಾಗಿ ಡಯಾಲಿಸಿಸ್ ಮಾಡಿ ಉಳಿಸಿದರು. ಮಾರನೆಯ ದಿನ ಐಸಿಯು ಒಳಗೆ ಹತ್ತು ನಿಮಿಷ ಬಿಟ್ಟರು. ನಾನು ಅಳುತ್ತಾ, "ಬಸಿದ ನೀರು ಹಾಕಿಬಿಟ್ಟೆ ಕಣೇ, ಬುದ್ಧಿಗೆ ಮಂಕು ಕವಿದಿತ್ತು" ಎಂದೆ.

"ಗೊತ್ತು" ಎಂದಳು. "ಮೊದಲ್ನೇ ಚಮಚದಲ್ಲೇ ಗೊತ್ತಾಯ್ತು."

"ಗೊತ್ತಿದ್ದೂ ತಿಂದ್ಯಾ?"

"ಹೂಂ."

"ಎರಡು ಬಟ್ಟಲು?"

"ಒಂದಕ್ಕೇ ನಿಲ್ಲಿಸಬೇಕಿತ್ತು" ಎಂದು ಕಣ್ಣು ಮುಚ್ಚಿದಳು.

ನನ್ನ ಅಳು ಅಲ್ಲೇ ನಿಂತಿತು. ನಾನು ಪಶ್ಚಾತ್ತಾಪದಲ್ಲಿ ಬೇಯುತ್ತಾ ಬಂದಿದ್ದರೆ ಇವಳು ತಿಳಿದೂ ತಿಳಿದೂ ನನ್ನ ಕೈಯಿಂದ ಬಡಿಸಿಕೊಂಡಿದ್ದಾಳೆ. ಸತ್ತಿದ್ದರೆ? ಕೊಂದವಳು ನಾನಾಗುತ್ತಿದ್ದೆ, ಅದು ಇವಳಿಗೆ ಹೊಳೆಯಲೇ ಇಲ್ಲವೇ? ಆಮೇಲೆ ಸುಳ್ಳು ಹೇಳಿ ನನ್ನ ಮಾನ ಉಳಿಸಿದ ದೊಡ್ಡತನ ಬೇರೆ. ಆ ಋಣ ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

ಮನೆಗೆ ಬಂದ ಮೇಲೆ ಮತ್ತೆ ನೀರು ಚೆಲ್ಲುವ ಕೆಲಸ ಶುರುವಾಯಿತು, ಈ ಸಲ ಮೂರು ಮೂರು ಸಲ. ಅಕ್ಕ ಎದುರು ಹೇಳದೆ ತಿನ್ನುತ್ತಿದ್ದಳು. ತಿಂಗಳೊಂದು ಕಳೆದ ಮೇಲೆ ಒಂದು ದಿನ ಮೆಲ್ಲಗೆ ಕೇಳಿದಳು: "ಆ ಸೂಪು ಇನ್ನೊಂದ್ಸಲ ಮಾಡ್ತೀಯಾ? ಅರ್ಧ ಬಟ್ಟಲು ಸಾಕು."

"ಮಾಡಿದ್ದುಣ್ಣೋ ಮಹರಾಯ ಅಂತ ನಾನು ಉಂಡಿದ್ದು ಸಾಲದಾ? ನನ್ನನ್ನ ಜೈಲಿಗೆ ಕಳಿಸಿ ನೀನು ಹೋಗ್ಬೇಕಾ?" ಬಾಯಿಗೆ ಬಂದಂತೆ ಬೈದೆ.

ಅವಳು ಬೈಸಿಕೊಂಡಳು. ಆಮೇಲೆ, "ಇಷ್ಟು ದಿನದಲ್ಲಿ ಅವತ್ತು ಒಂದಿನ ಕಣೇ ನಾನು ಊಟ ಅಂತ ಮಾಡಿದ್ದು" ಎಂದಳು. ಅದಾದ ಮೇಲೆ ಮತ್ತೆ ಕೇಳಲಿಲ್ಲ.

ಮಾವಿನ ಕಾಲ ಬಂತು. ಡಯಾಲಿಸಿಸ್ ಘಟಕದಲ್ಲಿ ಅಕ್ಕನ ಪಕ್ಕದ ಹಾಸಿಗೆಗೆ ಗಿರಿನಗರದ ಕಡೆಯ ಒಬ್ಬ ಹೆಂಗಸು ಬರುತ್ತಿದ್ದಳು. ಯಂತ್ರಕ್ಕೆ ಜೋಡಿಸಿದ ಕೂಡಲೇ ಅವಳು ಡಬ್ಬಿ ತೆಗೆದು ಮಾವಿನ ಎರಡು ಹೋಳು ತಿನ್ನುವುದನ್ನು ನೋಡಿದೆ. ಟೆಕ್ನಿಷಿಯನ್‌ನನ್ನು ಕೇಳಿದೆ. "ಮೊದಲ್ನೇ ಗಂಟೇಲಿ ಸ್ವಲ್ಪ ತಿಂದ್ರೆ ಮೆಷಿನ್ನೇ ಎಳ್ಕೊಂಡ್ಬಿಡುತ್ತೆ ಮೇಡಂ. ಎಲ್ಲರಿಗೂ ಆಗಲ್ಲ, ಡಾಕ್ಟರ್‌ನ ಕೇಳಿ" ಎಂದ. ಡಾಕ್ಟರ ಕೋಣೆಗೆ ಹೋಗಿ ಅಕ್ಕನ ಆಸೆಯನ್ನು ಹೇಳಿದೆ. ಅವರು ರಿಪೋರ್ಟುಗಳನ್ನು ತಿರುವಿ ಹಾಕಿ, "ಸಣ್ಣ ಬಟ್ಟಲು. ಮೊದಲ ಗಂಟೆಯಲ್ಲಿ, ನಮ್ಮವರ ಕಣ್ಣೆದುರಿಗೆ. ಆಯ್ತಾ?" ಎಂದರು. ಬಸಿದ ನೀರೂ ಹಾಕಬಹುದೇ ಎಂದು ಕೇಳಿದೆ. ಸ್ವಲ್ಪ ಹಾಕಿ ಎಂದರು.

ಹೊರಗೆ ಬಂದೆ. ಅಕ್ಕ ಹಾಸಿಗೆಯಿಂದ ತಲೆ ಹೊರಳಿಸಿ, "ಏನಂದ್ರು?" ಎಂದಳು.

"ಏನಿಲ್ಲ. ರಿಪೋರ್ಟು ನೋಡಿದ್ರು" ಎಂದೆ.

ಯಾಕೆ ಹಾಗೆಂದೆ ಎಂದು ನನ್ನನ್ನು ನಾನು ಬೇಕಾದಷ್ಟು ಸಲ ಕೇಳಿಕೊಂಡಿದ್ದೇನೆ. ಹೆದರಿಕೆ ಎಂದು ಹೇಳಿದರೆ ಕೇಳಿದವರು ನಂಬುತ್ತಾರೆ, ನನಗೂ ಅನುಕೂಲ. ಹೆದರಿಕೆ ಇತ್ತು, ಕಾಲುಭಾಗ ಇತ್ತು. ಉಳಿದ ಮುಕ್ಕಾಲು ಬರೀ ಹಟ. ಅವಳು ಒಂದು ಸಲ, ಒಂದೇ ಒಂದು ಸಲ, "ನಿನ್ನ ಕೈಯಲ್ಲಿ ಹಂಗೆ ಮಾಡಿಸಬಾರದಿತ್ತು, ತಪ್ಪಾಯ್ತು" ಎನ್ನಬೇಕಿತ್ತು ನನಗೆ. ಅಂದಿದ್ದರೆ ಅವತ್ತೇ ಮಾಡಿಕೊಡುತ್ತಿದ್ದೆ. ಅವಳಾದರೋ ಯಾರ ಹತ್ತಿರವೂ ತಪ್ಪಾಯ್ತು ಎಂದವಳಲ್ಲ, ಅದು ನನಗೆ ಗೊತ್ತಿದ್ದದ್ದೇ. ಕಾಯಿಲೆಯವಳ ಮೇಲೆ ಹಟ ಸಾಧಿಸುವ ಹೆಂಗಸು ನಾನು ಎಂದು ಈಗ ಬರೆದಿಟ್ಟಿದ್ದೇನೆ, ಓದಿದವರು ಏನಾದರೂ ಅಂದುಕೊಳ್ಳಲಿ.

ಮೂರು ವಾರದ ಮೇಲೆ ಒಂದು ಭಾನುವಾರ ನನಗೆ ಮಣಿಕಟ್ಟು ನೋಯುತ್ತಿತ್ತು. ನಾನೇ ಬಸೀತೀನಿ ಕೂತ್ಕೋ ಎಂದು ಅಕ್ಕ ಅಡುಗೆಮನೆಗೆ ಹೋದಳು. ಹುರುಳಿಕಾಯಿ ಬೇಯಿಸಿದ ನೀರನ್ನು ಸಿಂಕಿಗೆ ಸುರಿದಳು. ಸುರಿದಾದ ಮೇಲೆ ಪಾತ್ರೆಯ ಅಂಚಿನಲ್ಲಿ ಇಳಿಯುತ್ತಿದ್ದ ಹನಿಯನ್ನು ತೋರುಬೆರಳಿಗೆ ಹಿಡಿದು ಬಾಯಿಗಿಟ್ಟುಕೊಂಡಳು. ಬೆರಳನ್ನು ಬಾಯಿಂದ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಲಿಲ್ಲ. ಅವತ್ತೇ ಸಂಜೆ ಅಂಗಡಿಗೆ ಹೋಗಿ ಅಲಸಂದೆ, ಮೆಕರೋನಿ ತಂದೆ.

ಸೋಮವಾರ ಬೆಳಗಾಗುವ ಮುಂಚೆ ಎದ್ದು ಸೂಪು ಮಾಡಿದೆ. ಬಸಿದ ನೀರಿನಲ್ಲಿ ಡಾಕ್ಟರು ಹೇಳಿದಷ್ಟನ್ನೇ ಹಾಕಿ ಫ್ಲಾಸ್ಕಿಗೆ ತುಂಬಿದೆ. ಘಟಕದಲ್ಲಿ ಅವಳ ಮಡಿಲಿಗೆ ಕೊಟ್ಟೆ. ಮುಚ್ಚಳ ತೆಗೆದು ಮೂಸಿದಳು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು, ಮುಖ ಯಾಕೋ ಕೆಂಪಾಗಿತ್ತು.

"ನೀರು ಹಾಕಿದ್ಯಾ?"

"ಹಾಕಿದ್ದೀನಿ. ಡಾಕ್ಟರು ಒಪ್ಪಿದಾರೆ."

"ಯಾವಾಗ?"

"ಮೊನ್ನೆ ಶುಕ್ರವಾರ" ಎಂದೆ.

"ಮೆಷಿನ್ ಶುರುವಾಗ್ಲಿ, ತಿಂತೀನಿ" ಎಂದು ಫ್ಲಾಸ್ಕನ್ನು ಮಗ್ಗುಲಲ್ಲಿಟ್ಟುಕೊಂಡಳು.

ಯಂತ್ರ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಅವಳಿಗೆ ನಡುಕ ಬಂತು. ಹಲ್ಲು ಕಟಕಟ ಎನ್ನುತ್ತಿತ್ತು, ನಾಲ್ಕು ಕಂಬಳಿ ಹೊದಿಸಿದರೂ ನಿಲ್ಲಲಿಲ್ಲ. ಡಯಾಲಿಸಿಸ್‌ಗೆಂದು ಕತ್ತಿನಲ್ಲಿ ಕೂರಿಸಿದ್ದ ನಳಿಕೆಯಿಂದ ರಕ್ತಕ್ಕೆ ಸೋಂಕು ಹತ್ತಿದೆ ಎಂದರು. ನಿಲ್ಲಿಸಿ ಆಸ್ಪತ್ರೆಗೆ ಸಾಗಿಸಿದರು. ಫ್ಲಾಸ್ಕು ಯಾರ ಕೈಗೆ ಹೋಯಿತೋ ತಿಳಿಯಲಿಲ್ಲ. ನಾಲ್ಕು ದಿನ ಇದ್ದಳು, ಮಾತಿಲ್ಲ. ಐದನೆಯ ದಿನ ಮಧ್ಯಾಹ್ನ ಹೋದಳು.

ಬಂದವರೆಲ್ಲ ಒಂದೇ ಮಾತು ಹೇಳಿದರು. ಹೆತ್ತ ತಾಯಿ ಕೂಡ ಇಷ್ಟು ನೋಡಿಕೊಳ್ಳುತ್ತಿರಲಿಲ್ಲ, ಪುಣ್ಯವಂತೆ ಎಂದು. ಸೂಪು ತಿಂದಿದ್ದರೆ ಅವಳು ಉಳಿಯುತ್ತಿದ್ದಳು ಎಂದೇನೂ ನಾನು ಹೇಳುತ್ತಿಲ್ಲ. ಅಷ್ಟು ಬುದ್ಧಿ ನನಗಿದೆ. ಆದರೆ ಡಾಕ್ಟರು ಹೂಂ ಎಂದ ಮೇಲೆ ನಾನು ಅವಳ ಜೊತೆ ಎಂಟು ಸಲ ಆ ಘಟಕಕ್ಕೆ ಹೋಗಿ ಬಂದಿದ್ದೇನೆ. ಎಂಟು ಸಲವೂ ಡಬ್ಬಿಯಲ್ಲಿ ಸಪ್ಪೆ ಅವಲಕ್ಕಿ ಇತ್ತು. ಪಕ್ಕದ ಹಾಸಿಗೆಯವಳು ಮಾವು ತಿನ್ನುತ್ತಿರುವಾಗ ಅಕ್ಕ ಡಬ್ಬಿ ಬಿಚ್ಚಿ, ಒಳಗೆ ನೋಡಿ, ಅಷ್ಟನ್ನೂ ತಿಂದು, ಖಾಲಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಚೆನ್ನಾಗಿತ್ತು ಕಣೇ" ಎನ್ನುತ್ತಿದ್ದಳು.